ಕೊಪ್ಪರಿಗೆಗೆ ತೂತು ಕೊರೆದ ಮೈದುನನಿಗೆ

ಚಿರಂಜೀವಿ ದಿನೇಶನಿಗೆ,

ಹಂದನಕೆರೆ ಪಕ್ಕದ ನಿನ್ನ ಊರಿನಿಂದ ನಿನ್ನ ಅತ್ತಿಗೆ ವನಜಾಕ್ಷಿ ಬರೆಯುವುದು. ನಾವೆಲ್ಲ ಕ್ಷೇಮ ಎಂದು ಶುರು ಮಾಡಬೇಕಿತ್ತು, ಮಾಡುವುದಿಲ್ಲ. ನಿಮ್ಮಣ್ಣನ ಮಂಡಿನೋವು ಹಾಗೇ ಇದೆ, ಅದು ಬಿಡು. ನನಗಿರುವುದು ಸಿಟ್ಟು. ಕೆಳಗಿನ ಕೇರಿಯ ನಮ್ಮ ತಿಮ್ಮಕ್ಕನ ತಿಥಿ ಮುಗಿದ ದಿನದಿಂದ ಅದು ಇಳಿದಿಲ್ಲ. ಫೋನಿನಲ್ಲಿ ಬೈಯೋಣ ಎಂದರೆ "ಅತ್ತಿಗೆ, ಒಂದು ನಿಮಿಷ ಕೇಳಿ" ಎಂದು ನಡುವೆ ಬಾಯಿ ಹಾಕುತ್ತೀಯ. ಅದಕ್ಕೇ ಕಾಗದ. ನಾನೂ ಪ್ರೈಮರಿ ಶಾಲೆಯಲ್ಲಿ ಸೀಮೆಸುಣ್ಣ ಹಿಡಿದು ನಿವೃತ್ತಳಾದವಳು, ಬರೆಯಲು ಬರುತ್ತದೆ. ಎದ್ದು ಹೋಗದೆ ಪೂರ್ತಿ ಓದು.

ಏನಾಯಿತೆಂದು ನಿನಗೆ ಗೊತ್ತು. ಆದರೂ ಮೊದಲಿಂದ ಹೇಳುತ್ತೇನೆ, ನಿನ್ನ ಪರಂಪರೆ ಕೂಟದವರೂ ಓದಲಿ. ನಮ್ಮೂರ ಪಾತ್ರೆ ಸಂಘದ ದೊಡ್ಡ ತಾಮ್ರದ ಕೊಪ್ಪರಿಗೆಯನ್ನು ಕಲಾಯಿ ಹಾಕಿಸಿಕೊಡುತ್ತೇನೆ ಎಂದು ನೀನು ತೆಗೆದುಕೊಂಡು ಹೋದೆ. ಕಲಾಯಿ ಹಾಕಿಸಲಿಲ್ಲ. ತಿಪಟೂರಿನ ಹಳೆಯ ಕೊಬ್ಬರಿ ಮಂಡಿಯಲ್ಲಿ ನಿನ್ನ ಪರಂಪರೆ ಕೂಟ ಮಾಡಿರುವ ಮ್ಯೂಸಿಯಂನಲ್ಲಿ ಪೀಠದ ಮೇಲೆ ಕೂರಿಸಿದೆ. ಅಲ್ಲಾಡಬಾರದು, ಯಾರೂ ಎತ್ತಿಕೊಂಡು ಹೋಗಬಾರದು ಎಂದು ಅದರ ತಳಕ್ಕೆ ತೂತು ಕೊರೆಸಿ ಬೋಲ್ಟು ಬಿಗಿಸಿದೆ. ಮುಂದೆ ಒಂದು ಫಲಕ ಹಾಕಿ ನಿಮ್ಮಪ್ಪನ ಹೆಸರು ಬರೆಸಿದೆ. ಊರಿನ ಹೆಂಗಸರ ಅನ್ನದ ಪಾತ್ರೆಯನ್ನು ನಿಮ್ಮ ವಂಶದ ಗಂಟು ಮಾಡಿಕೊಂಡೆ. ಇದಕ್ಕಿಂತ ಮೆತ್ತಗೆ ಹೇಳಲು ನನಗೆ ಬರುವುದಿಲ್ಲ.

ನೀನು ಅದನ್ನು ಒಯ್ದ ದಿನ ನೆನಪಿದೆಯಾ? ಸಂಘದ ಕೋಣೆ ಮುಂದೆ ನಾವು ನಾಲ್ಕಾರು ಹೆಂಗಸರು ಹುಣಿಸೆಹಣ್ಣು ಹಾಕಿ ಪಾತ್ರೆ ಉಜ್ಜುತ್ತಿದ್ದೆವು. ಒಳಗಿನ ತವರದ ಲೇಪ ಅಲ್ಲಲ್ಲಿ ಕಿತ್ತು ಕೆಂಪು ತಾಮ್ರ ಕಾಣುತ್ತಿತ್ತು. ಅಂಥ ಪಾತ್ರೆಯಲ್ಲಿ ಹುಳಿ ಮಾಡಿದರೆ ಕಿಲುಬೇರಿ ಉಂಡವರ ಹೊಟ್ಟೆ ಕೆಡುತ್ತದೆ. ಕಲಾಯಿಯವರು ಈಗ ಊರೂರು ತಿರುಗುವುದಿಲ್ಲ. ಹಿಂದೆ ಕಿಬ್ಬನಹಳ್ಳಿ ಕೈಮರದಲ್ಲಿ ಒಬ್ಬ ಸಾಬರು ತಿದಿ ಇಟ್ಟುಕೊಂಡು ಕೂರುತ್ತಿದ್ದರು, ಅವರೂ ಹೋದರು. ಯಾರನ್ನು ಹುಡುಕುವುದು ಎಂದು ನಾವು ಮಾತಾಡಿಕೊಳ್ಳುತ್ತಿದ್ದಾಗ ಕಾರಿನಿಂದಿಳಿದು ಬಂದ ನೀನು, ನನಗೆ ಬಿಡಿ, ತಿಪಟೂರಿನಲ್ಲಿ ನಾನು ಹಾಕಿಸಿಕೊಡುತ್ತೇನೆ ಎಂದೆ. ತಿಮ್ಮಕ್ಕ ನಿನ್ನ ಗಲ್ಲ ಸವರಿದಳು. ಕೈಯೆಲ್ಲ ಹುಣಿಸೆರಸ. ನೀನು ನಗುತ್ತಾ ಕರ್ಚೀಫಿನಲ್ಲಿ ಒರೆಸಿಕೊಂಡೆ. ನಮ್ಮ ಮನೆಯ ಹುಡುಗ, ಓದಿದವನು, ಇಷ್ಟು ವರ್ಷ ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳಿದವನು ಎಂದು ನಾವೆಲ್ಲ ಸೇರಿ ಅದನ್ನು ಎತ್ತಿ ಟೆಂಪೋಗೆ ಹಾಕಿದೆವು. ಹಿಡಿಕೆಗೆ ಗೋಣಿಚೀಲ ಸುತ್ತಿ ಕಳಿಸಿದವಳು ತಿಮ್ಮಕ್ಕ, ದಾರಿಯಲ್ಲಿ ಗೀರು ಬೀಳದಿರಲಿ ಅಂತ.

ಈಗ ನಿನ್ನ ಫಲಕಕ್ಕೆ ಬರೋಣ. "ಪಟೇಲ್ ಶಿವಲಿಂಗಯ್ಯನವರ ಮನೆತನದ ಅಡುಗೆ ಪಾತ್ರೆ, ಹತ್ತೊಂಬತ್ತನೆಯ ಶತಮಾನ." ಅಬ್ಬಾ ನಿನ್ನ ಧೈರ್ಯವೇ. ಆ ಕೊಪ್ಪರಿಗೆಗೆ ನಮ್ಮ ಮಗಳು ಜೀವಿತಾಳಿಗಿಂತ ಕೆಲವು ತಿಂಗಳು ಜಾಸ್ತಿ ವಯಸ್ಸು, ಅಷ್ಟೇ. ಅದನ್ನು ಕೊಳ್ಳಲು ಹೋದಾಗ ನಾನು ಅವಳ ಬಸುರಿ. ತಿಪಟೂರಿನ ಪಾತ್ರೆ ಅಂಗಡಿಯಲ್ಲಿ ತಿಮ್ಮಕ್ಕ ಬೆರಳಿನಲ್ಲಿ ತಟ್ಟಿ ತಟ್ಟಿ ಸದ್ದು ಕೇಳಿದಳು, ಅವಳ ಗೆಳತಿ ಕಲ್ಲಮ್ಮ ಅದರೊಳಗೇ ಇಳಿದು ಕೂತು ಅಗಲ ನೋಡಿದಳು. ಅಂಗಡಿಯವನು ಇದೇನು ಹೆಂಗಸರಪ್ಪಾ ಎಂದು ಬಾಯಿ ಬಿಟ್ಟುಕೊಂಡು ನಿಂತಿದ್ದ. ನಗು ತಡೆಯಲಾರದೆ ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಇದು ನಿನ್ನ ಹತ್ತೊಂಬತ್ತನೆಯ ಶತಮಾನ.

ಗೊತ್ತಿಲ್ಲದೆ ಬರೆದಿದ್ದರೆ ತಿದ್ದಿ ಸುಮ್ಮನಾಗುತ್ತಿದ್ದೆ. ನಿನಗೆ ಗೊತ್ತಿತ್ತು ದಿನೇಶ. ಈ ಕೊಪ್ಪರಿಗೆ ಯಾಕೆ ಬಂತು ಎನ್ನುವುದೂ ಗೊತ್ತು. ತಿಮ್ಮಕ್ಕನ ಗಂಡ ತೀರಿಕೊಂಡಾಗ ನೀನು ಹೈಸ್ಕೂಲಿನಲ್ಲಿದ್ದೆ. ಅವಳು ಕೆಳಗಿನ ಕೇರಿಯಿಂದ ಬಂದು ನಮ್ಮ ಜಗಲಿಯ ಕೆಳಗೆ ನಿಂತಳು. ನೀನು ಜಗಲಿ ಮೇಲೆ ಲೆಕ್ಕ ಮಾಡುತ್ತಾ ಕೂತಿದ್ದೆ, ನಾನು ಬಾಗಿಲ ಹಿಂದೆ ಇದ್ದೆ. ತಿಥಿಗೆ ಅಡುಗೆ ಮಾಡಲು ಅಟ್ಟದ ಮೇಲಿನ ದೊಡ್ಡ ಪಾತ್ರೆ ಕೊಡಿ ಎಂದು ಅವಳು ಕೇಳಿದಳು. ನನ್ನ ಮಾವ, ನಿಮ್ಮಪ್ಪ, ಕೂತಲ್ಲಿಂದ ಏಳಲಿಲ್ಲ. ಬೈಯಲೂ ಇಲ್ಲ, ಗದರಲೂ ಇಲ್ಲ. ಎಲೆ ಅಡಿಕೆ ಮಡಿಸುತ್ತಾ ಹೇಳಿದರು.

"ನಿಮ್ ಕೇರಿಗೆ ಹೋದ ಪಾತ್ರೆ ಮತ್ತೆ ನಮ್ಮೊಲೆಗೆ ಏರಲ್ಲ ಕಣಮ್ಮ. ಬೇರೆ ಏನಾರ ಕೇಳು, ಕೊಡ್ತೀನಿ."

ಅವಳು ಬೇರೆ ಏನೂ ಕೇಳಲಿಲ್ಲ. ಮನೆಮನೆಯ ಮಡಕೆ, ಸೀಮೆಎಣ್ಣೆ ಡಬ್ಬ ಕೊಯ್ದು ಮಾಡಿದ ತಪಲೆ, ಸಿಕ್ಕಿದ್ದರಲ್ಲೆಲ್ಲ ಒಂದಿಷ್ಟೊಂದಿಷ್ಟು ಬೇಯಿಸಿ ಗಂಡನ ತಿಥಿ ಮಾಡಿದಳು. ಅನ್ನ ಒಂದು ಕಡೆ ಹಸಿ, ಇನ್ನೊಂದು ಕಡೆ ಸೀದು ಹೋಗಿತ್ತಂತೆ. ಉಂಡವರು ಯಾರೂ ಆಡಿಕೊಳ್ಳಲಿಲ್ಲ. ಆದರೆ ಅವಳು ಮರೆಯಲಿಲ್ಲ. ಮಾರನೆಯ ವಾರ ತನ್ನ ಹಿತ್ತಲಲ್ಲಿದ್ದ ಎರಡು ತೆಂಗಿನ ಮರದಲ್ಲಿ ಚೆನ್ನಾಗಿ ಬಿಡುತ್ತಿದ್ದ ಒಂದಕ್ಕೆ ಸುತ್ತಲೂ ಸುಣ್ಣದ ಪಟ್ಟೆ ಬಳಿದಳು. ಈ ಮರದ ಕಾಯಿ ನನ್ನದಲ್ಲ, ಪಾತ್ರೆಯದು ಎಂದಳು. ಜನ ನಕ್ಕರು. ಗಂಡ ಹೋದ ದುಃಖಕ್ಕೆ ತಲೆ ಕೆಟ್ಟಿದೆ ಎಂದುಕೊಂಡರು.

ಆಮೇಲೆ ಕಲ್ಲಮ್ಮ ತನ್ನ ತೋಟದಲ್ಲಿ ಒಂದು ಮರಕ್ಕೆ ಸುಣ್ಣ ಹಚ್ಚಿದಳು. ಅವಳು ಮೇಲಿನ ಕೇರಿಯವಳು, ಅವಳ ಗಂಡ ಕೂಗಾಡಿದ, ಅವಳು ಕೇಳಲಿಲ್ಲ. ಒಬ್ಬೊಬ್ಬರಾಗಿ ಹಚ್ಚಿದರು. ಮರ ಇಲ್ಲದವರು ಕಾಯಿ ಸುಲಿಯಲು ಬಂದರು, ಹೊರಲು ಬಂದರು. ನಾನೂ ನಮ್ಮ ಬಾವಿ ಪಕ್ಕದ ಮರಕ್ಕೆ ಹಚ್ಚಿದೆ. ಮಾವ ನೋಡಿದರು, ಮೂರು ತಿಂಗಳು ನನ್ನ ಜೊತೆ ಮಾತು ಬಿಟ್ಟರು. ನಿಮ್ಮಣ್ಣ ಪಾಪ ಇಬ್ಬರ ನಡುವೆ ಸಿಕ್ಕಿಕೊಂಡು ತೋಟದಲ್ಲೇ ಊಟ ಮಾಡುತ್ತಿದ್ದರು. ಆದರೂ ಆ ಮರದ ಸುಣ್ಣ ಯಾರೂ ಒರೆಸಲಿಲ್ಲ. ಇವತ್ತಿಗೂ ಯುಗಾದಿಗೆ ಹೊಸದಾಗಿ ಬಳಿಯುತ್ತೇವೆ. ಆ ಮರದ ಕಾಯಿ ಬಿದ್ದರೆ ಮನೆಯವರು ಮುಟ್ಟುವಂತಿಲ್ಲ, ಚಟ್ನಿಗೆ ಕಾಯಿಲ್ಲದೆ ಉಪ್ಪು ಮೆಣಸಿನಕಾಯಿ ನೆಂಚಿಕೊಂಡರೂ ಸರಿ.

ಆ ಕಾಯಿಗಳನ್ನೆಲ್ಲ ಕಲ್ಲಮ್ಮನ ಅಟ್ಟಕ್ಕೆ ಹಾಕಿ ಒಣಗಿಸಿದೆವು. ಅಟ್ಟದ ಮೇಲೆ ಕಾಯಿ ಒಣಗಲು ವರ್ಷ ಹಿಡಿಯುತ್ತದೆ ಎನ್ನುವುದು ನಿನಗೆ ಹೇಳಬೇಕಿಲ್ಲ. ಅಲ್ಲಾಡಿಸಿದರೆ ಒಳಗೆ ಗಿಟುಕು ಲೊಡಲೊಡ ಎನ್ನುವವರೆಗೆ ಕಾಯಬೇಕು. ನಡುವೆ ಯಾರೋ ಅವಸರ ಮಾಡಿದರು, ಅರ್ಧ ಒಣಗಿದ್ದನ್ನೇ ಒಡೆಸೋಣ ಎಂದರು. ತಿಮ್ಮಕ್ಕ ಒಪ್ಪಲಿಲ್ಲ. ಕೇಳಿ ಇಲ್ಲ ಅನ್ನಿಸಿಕೊಂಡಿದ್ದು ನಾನು, ನನಗೇ ಅವಸರ ಇಲ್ಲ, ನಿಮಗ್ಯಾಕೆ ಎಂದಳಂತೆ. ಎರಡು ಸಲದ ಕೊಬ್ಬರಿ ಮಾರಿದ ಮೇಲೆ ಆ ಕೊಪ್ಪರಿಗೆ ಬಂತು. ಆಮೇಲೆ ಹಂಡೆ, ಸೌಟು, ಜರಡಿ, ಒಂದೊಂದಾಗಿ ಬಂದವು. ಕೆರೆ ಏರಿ ಪಕ್ಕದ ಕೋಣೆಯಲ್ಲಿ ಇಟ್ಟೆವು. ಮೇಲಿನ ಕೇರಿಗೂ ಕೆಳಗಿನ ಕೇರಿಗೂ ಅದು ಸಮ ದೂರ, ಅದಕ್ಕೇ ಅಲ್ಲಿ.

ಮೊದಲ ಜಗಳ ಅದರ ಮೊದಲ ಮದುವೆಗೇ ಬಂತು. ತಿಥಿಗೆ ಹೋಗಿ ಬಂದ ಪಾತ್ರೆಯಲ್ಲಿ ಧಾರೆ ಊಟ ಬೇಯಿಸುತ್ತಾರಾ, ಅಪಶಕುನ ಎಂದು ಮೇಲಿನ ಕೇರಿಯ ಗಂಡಸರು ಸೇರಿದರು. ಸಾವಿಗೊಂದು, ಶುಭಕ್ಕೊಂದು ಬೇರೆ ಪಾತ್ರೆ ತನ್ನಿ ಎಂದರು. ಸಾವಿಗೆ ಯಾರ ಕೇರಿ, ಶುಭಕ್ಕೆ ಯಾರ ಕೇರಿ ಎನ್ನುವುದು ಅವರ ಮನಸ್ಸಿನಲ್ಲಿತ್ತು, ನಮಗೆ ಅರ್ಥವಾಗದೇ ಇತ್ತೇ. ತಿಮ್ಮಕ್ಕ ಕೊಪ್ಪರಿಗೆ ಉಜ್ಜುತ್ತಲೇ ಅಂದಳು, ತಲೆ ಎತ್ತಲಿಲ್ಲ.

"ಹುಣಸೆಹಣ್ಣು ಹಾಕ್ ಉಜ್ಜುದ್ರೆ ತಾಮ್ರಕ್ಕೆ ಯಾವ್ದೂ ನೆಪ್ಪಿರಲ್ಲ ಕಣ್ರಪ್ಪ. ನೆಪ್ಪಿರಾದು ನಿಮಗೆ. ನೀವ್ ಉಜ್ಕಳಿ."

ಅವತ್ತಿನಿಂದ ಒಂದೇ ಕೊಪ್ಪರಿಗೆ. ಇನ್ನೊಂದು ಪದ್ಧತಿಯನ್ನೂ ಅವಳೇ ತಂದಳು. ಪಾತ್ರೆ ಖಾಲಿ ಬರಬಾರದು. ಕಾರ್ಯ ಮುಗಿಸಿದ ಮನೆಯವರು ಅದರೊಳಗೆ ಒಂದು ಸೇರು ಅಕ್ಕಿ ಹಾಕಿ ಕಳಿಸಬೇಕು. ಆ ಅಕ್ಕಿ ಮುಂದಿನವರ ಎಸರಿಗೆ ಮೊದಲು ಬೀಳಬೇಕು. ಮದುವೆ ಮನೆಯ ಅಕ್ಕಿ ಸಾವಿನ ಮನೆಯ ಅನ್ನಕ್ಕೆ, ಸಾವಿನ ಮನೆಯದು ನಾಮಕರಣದ ಪಾಯಸಕ್ಕೆ. ನೀನು ಪುಸ್ತಕದಲ್ಲಿ ಸಮಾಜ ಸುಧಾರಣೆ ಎಂದು ಎಷ್ಟೋ ಓದಿದೆಯಲ್ಲ, ನಮ್ಮೂರಲ್ಲಿ ಅದು ಆದದ್ದು ಹೀಗೆ, ಯಾರೂ ಭಾಷಣ ಮಾಡದೆ. ಎರಡು ಕೇರಿಯವರೂ ಒಂದು ಪಾತ್ರೆಯ ಅನ್ನ ಉಣ್ಣಲು ಕಲಿತರು. ಕಲಿಯದವರು ಹಸಿದುಕೊಂಡು ಹೋದರು. ಹತ್ತು ಸಲ ಹಸಿದ ಮೇಲೆ ಅವರೂ ಕೂತರು.

ನಿನ್ನ ಮದುವೆಯ ಬೀಗರೂಟ ಬೆಂದದ್ದು ಅದರಲ್ಲೇ. ನಿನ್ನ ಮಗ ಸಿದ್ಧಾರ್ಥನ ನಾಮಕರಣದ ಪಾಯಸವೂ ಅದರದ್ದೇ, ಎರಡು ಸಲ ಹಾಕಿಸಿಕೊಂಡು ಉಂಡವನು ನೀನು. ಅದೂ ಇರಲಿ. ನಿಮ್ಮಪ್ಪ ತೀರಿಕೊಂಡ ದಿನ ನೀನು ಜಗಲಿಯ ಕಂಬಕ್ಕೆ ಒರಗಿ ಅಳುತ್ತಾ ಕೂತಿದ್ದೆ, ನಿನ್ನ ಕಣ್ಣಿಗೆ ಬಿದ್ದಿತ್ತೋ ಇಲ್ಲವೋ. ಯಾರೂ ಹೋಗಿ ಕೇಳುವ ಮೊದಲೇ ಕೊಪ್ಪರಿಗೆ ನಮ್ಮ ಮನೆ ಬಾಗಿಲಿಗೆ ಬಂತು. ಒಂದು ಕಡೆ ಹಿಡಿಕೆ ಕಲ್ಲಮ್ಮನ ಕೈಲಿ, ಇನ್ನೊಂದು ತಿಮ್ಮಕ್ಕನ ಕೈಲಿ. ನಾನು ಓಡಿ ಹೋಗಿ ತಿಮ್ಮಕ್ಕನ ಕೈ ಹಿಡಿದುಕೊಂಡೆ. ಅವತ್ತಿನ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ತಿಥಿಯ ದಿನ ಒಲೆ ಮುಂದೆ ನಿಂತು ಇಡೀ ಊರಿಗೆ ಆಗುವಷ್ಟು ಅನ್ನ ಬಸಿದು ಹೋದಳು. ನಮ್ಮ ಮನೆಗೆ ಇಲ್ಲ ಎನ್ನಲು ಅವಳಿಗೆ ಎಷ್ಟು ಕಾರಣವಿತ್ತು. ಅಂಥವಳ ಪಾತ್ರೆಯ ಮೇಲೆ, ಅವಳಿಗೆ ಪಾತ್ರೆ ಕೊಡದವರ ಹೆಸರು ಬರೆಸಿದ್ದೀಯ. ಕೈ ಹೇಗೆ ಬಂತು ನಿನಗೆ?

ತಿಮ್ಮಕ್ಕ ಹೋದದ್ದು ಬೆಳಗಿನ ಹೊತ್ತು, ಹಟ್ಟಿಯಂಗಳ ಗುಡಿಸುತ್ತಿದ್ದವಳು ಹಾಗೇ ಕುಸಿದು ಕೂತಳು. ನೀನು ಹಾರ ಕಳಿಸಿದೆ, ನಿನ್ನ ಕೂಟದ ಹೆಸರಿನ ರಿಬ್ಬನ್ ಕಟ್ಟಿಸಿ. ಮಣ್ಣು ಮಾಡಿ ಬಂದ ಮೇಲೆ ಅವಳ ಮೊಮ್ಮಗ ಸುದೀಪ, ಗೂಡ್ಸ್ ಆಟೋ ಓಡಿಸುತ್ತಾನಲ್ಲ ಅವನು, ತಿಥಿಗೆ ಪಾತ್ರೆ ಬೇಕು ದೊಡ್ಡವ್ವ ಎಂದು ನನ್ನ ಹತ್ತಿರ ಸಂಘದ ಕೋಣೆಯ ಕೀ ಕೇಳಿದ. ಕಲಾಯಿಗೆ ಹೋಗಿದೆ ಕಣಪ್ಪ, ತರಿಸುತ್ತೇನೆ ಎಂದು ನಿನಗೆ ಫೋನ್ ಮಾಡಿದೆ. ನೀನು ತಡವರಿಸಿದೆ. ಅದೀಗ ಮ್ಯೂಸಿಯಂ ವಸ್ತು, ಹೊರಗೆ ಕೊಡಲು ಕಮಿಟಿ ಒಪ್ಪುವುದಿಲ್ಲ, ಶಾಮಿಯಾನದವರ ಹತ್ತಿರ ಅಲ್ಯುಮಿನಿಯಂ ಪಾತ್ರೆ ಸಿಗುತ್ತದೆ, ಬಾಡಿಗೆ ನಾನೇ ಕೊಡುತ್ತೇನೆ ಎಂದೆ. ನಾನು ನಿನ್ನ ಹತ್ತಿರ ಬಾಡಿಗೆ ಕೇಳಿದೆನಾ? ಬೇರೆ ಏನಾದರೂ ಕೇಳು ಕೊಡುತ್ತೇನೆ ಎಂದ ಹಾಗೇ ಕೇಳಿಸಿತು ನನಗೆ. ಅದೇ ದನಿ.

ಸುದೀಪನ ಆಟೋದಲ್ಲೇ ತಿಪಟೂರಿಗೆ ಬಂದೆ. ಇರಲಿ, ಒಂದು ವಾರಕ್ಕೆ ಕೇಳಿ ತಂದರಾಯಿತು ಎನ್ನುವ ನಂಬಿಕೆ ಆಗಲೂ ಇತ್ತು. ನೀನು ಖುಷಿಯಿಂದ ಎದುರು ಬಂದೆ, ಬಾಗಿಲಲ್ಲೇ ಕಾಲು ಮುಟ್ಟಿದೆ. ಬನ್ನಿ ಅತ್ತಿಗೆ, ನೋಡಿ ಹೇಗೆ ಹೊಳೆಯುತ್ತಿದೆ ಎಂದೆ. ಹೊಳೆಯುತ್ತಿತ್ತು, ಸುಳ್ಳು ಹೇಳುವುದಿಲ್ಲ. ಮೇಲೆ ಅದೇನೋ ಎಣ್ಣೆಬಣ್ಣದಂಥದ್ದು ಬಳಿಸಿದ್ದೆ, ದೀಪ ಬಿಟ್ಟಿದ್ದೆ, ಸುತ್ತಲೂ ಕೆಂಪು ಹಗ್ಗ. ನಮ್ಮ ಕೊಪ್ಪರಿಗೆ ಎಂದು ಗುರುತು ಸಿಗಲು ನನಗೆ ಹೊತ್ತು ಹಿಡಿಯಿತು. ಫಲಕ ಓದಿದೆ. ಇದೇನಪ್ಪಾ ಎಂದೆ. ನೀನು ನಕ್ಕು, ನನ್ನ ಕಿವಿಯ ಹತ್ತಿರ ಬಂದು ಹೇಳಿದೆ. "ಹೆಂಗಸರ ಪಾತ್ರೆ ಸಂಘ ಅಂತ ಬರೆದ್ರೆ ಯಾರು ಅತ್ತಿಗೆ ನಿಂತು ನೋಡ್ತಾರೆ?"

ನಾನು ಬಾಯಿ ತೆರೆಯುವಷ್ಟರಲ್ಲಿ ಸುದೀಪ ಹಗ್ಗ ದಾಟಿ ಹೋಗಿ ಕೊಪ್ಪರಿಗೆಯ ಹಿಡಿಕೆ ಹಿಡಿದು ಎತ್ತಿದ. ಬರಲಿಲ್ಲ. ಬಗ್ಗಿ ಒಳಗೆ ನೋಡಿದ, ಕೆಳಗೆ ಕೈ ಹಾಕಿ ತಡವಿದ. ತಡವಿದವನು ಕೈ ತೆಗೆಯದೆ ಹಾಗೇ ನನ್ನ ಮುಖ ನೋಡಿದ. ಆಗ ನೀನು ಅಂದೆ, "ಒಂದೇ ತೂತು ಅತ್ತಿಗೆ. ಕಾಣೋದೇ ಇಲ್ಲ."

ಆ ಮಾತು ನನ್ನನ್ನು ಮಲಗಲು ಬಿಡುತ್ತಿಲ್ಲ ದಿನೇಶ. ಒಂದೇ ತೂತಂತೆ. ಅನ್ನದ ಪಾತ್ರೆಗೆ ಎಷ್ಟು ತೂತು ಬೇಕು ನಿನ್ನ ಪ್ರಕಾರ? ಅಲ್ಲಿ ನಿಂತಿದ್ದ ನಿನ್ನ ಕೂಟದ ಗೆಳೆಯರೊಬ್ಬರು ನನಗೆ ಸಮಾಧಾನ ಹೇಳಲು ಬಂದರು, ಇನ್ನು ಮುಂದೆ ಇದು ನೂರಾರು ವರ್ಷ ಸುರಕ್ಷಿತ ತಾಯಿ ಎಂದರು. ಹಸಿದವರಿಂದ ಸುರಕ್ಷಿತ ಎನ್ನಿ ಎಂದು ಹೇಳಿ ಹೊರಗೆ ಬಂದೆ. ನೀನು ಕಾಫಿ ಕುಡಿದು ಹೋಗಿ ಎಂದು ಹಿಂದೆಯೇ ಬಂದೆ. ಕುಡಿಯಲಿಲ್ಲ. ಸುದೀಪ ಆಟೋ ಹೊರಡಿಸಿದ. ಹಾಲ್ಕುರಿಕೆ ದಾಟಿದ ಮೇಲೆ ರಸ್ತೆ ನೋಡಿಕೊಂಡೇ ಕೇಳಿದ.

"ನಮ್ಮಜ್ಜಿ ಕಲಾಯಿಗೆ ಅಂತ ತಾನೇ ಕೊಟ್ಟಿದ್ದು ದೊಡ್ಡವ್ವ?"

ನಿನ್ನ ಪರವಾಗಿ ನಾನು ಏನು ಹೇಳಬೇಕಿತ್ತು? ಹೂಂ ಕಣಪ್ಪ ಎಂದೆ.

ತಿಥಿ ಹೇಗಾಯಿತು ಕೇಳು. ನೀನು ಬರಲಿಲ್ಲ, ತುಮಕೂರಿನಲ್ಲಿ ಏನೋ ಸಭೆಯಿತ್ತಂತೆ. ಸುದೀಪ ಅವರಿವರ ಮಾತು ಕೇಳಿ ಅಡುಗೆ ಕಂಟ್ರಾಕ್ಟರ್ ಒಬ್ಬನಿಗೆ ಒಪ್ಪಿಸಿದ. ಪಾತ್ರೆ, ಗ್ಯಾಸ್, ಬಡಿಸುವವರು, ಎಲೆ, ನೀರಿನ ಬಾಟಲಿ, ಎಲ್ಲ ಅವನದೇ. ಆ ಕಂಟ್ರಾಕ್ಟರ್ ತಪ್ಪು ಮಾಡಿದ ಎಂದು ನಾನು ಹೇಳುವುದಿಲ್ಲ, ಅವನ ಕೆಲಸ ಅವನು ಮಾಡಿದ. ಮೊದಲು ಬಂದವನೇ, ಎಷ್ಟು ಎಲೆ ಸಾರ್ ಎಂದು ಕೇಳಿದ. ಆ ಪ್ರಶ್ನೆಯನ್ನು ನಮ್ಮೂರಿನ ಸಾವಿನ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಕೊಪ್ಪರಿಗೆ ತುಂಬ ಎಸರಿಡುವುದು, ಬಂದವರೆಲ್ಲ ಉಣ್ಣುವುದು, ಸಾಲದಿದ್ದರೆ ಪಕ್ಕದ ಮನೆಯವರು ಮುದ್ದೆ ತಂದು ಸೇರಿಸುವುದು, ನಮಗೆ ಗೊತ್ತಿದ್ದದ್ದು ಇಷ್ಟೇ. ಸುದೀಪ ತಲೆ ತಗ್ಗಿಸಿ ಒಂದು ಸಂಖ್ಯೆ ಹೇಳಿದ. ಆಮೇಲೆ ಆ ಸಂಖ್ಯೆಗೆ ಸರಿಯಾಗಿ ಮನೆಗಳನ್ನು ಆರಿಸಿ ಹೋಗಿ ಹೇಳಿಬಂದ. ನಮ್ಮೂರಲ್ಲಿ ತಿಥಿಗೆ ಕರೆ ಹೋದದ್ದು ಅದೇ ಮೊದಲು. ಕರೆ ಹೋಯಿತು ಎಂದರೆ ಕರೆ ಹೋಗದ ಮನೆಯೂ ಉಂಟು ಎಂದಾಯಿತು.

ಪಾತ್ರೆ ಸಂಘದ ಹೆಂಗಸರು ಅಭ್ಯಾಸಬಲದಿಂದ ಬೆಳಗ್ಗೆಯೇ ಸೆರಗು ಸಿಕ್ಕಿಸಿಕೊಂಡು ಬಂದರು. ಕೊಪ್ಪರಿಗೆ ಹೊರಬಿತ್ತು ಎಂದರೆ ಯಾರೂ ಹೇಳದೆ ಬರುವವರು ಅವರು. ತರಕಾರಿ ಒಬ್ಬಳು, ಬೇಳೆ ಒಬ್ಬಳು, ಒಲೆ ಒಬ್ಬಳು. ಹಾಗೆ ಹೆಚ್ಚುತ್ತಾ ಬೇಯಿಸುತ್ತಾ ಅವರು ಸತ್ತವರ ಮಾತಾಡುತ್ತಾರೆ, ಅಳುತ್ತಾರೆ, ನಡುವೆ ಏನೋ ನೆನಪಾಗಿ ನಗುತ್ತಾರೆ. ಮನೆಯವರ ದುಃಖ ಅರ್ಧ ಇಳಿಯುವುದು ಆ ಒಲೆ ಮುಂದೆ. ಅವತ್ತು ಗ್ಯಾಸ್ ಒಲೆ ಹತ್ತಿರ ಬರಬೇಡಿ ಅಮ್ಮ, ನಮ್ಮವರೇ ಮಾಡುತ್ತಾರೆ ಎಂದು ಕಂಟ್ರಾಕ್ಟರನ ಆಳು ಕೈ ಅಡ್ಡ ಇಟ್ಟ. ಹೆಂಗಸರು ಗೋಡೆಗೆ ಒರಗಿ ಸುಮ್ಮನೆ ಸಾಲಾಗಿ ಕೂತರು. ಏನು ಮಾಡಬೇಕೆಂದು ಯಾರಿಗೂ ತಿಳಿಯಲಿಲ್ಲ. ತಿಮ್ಮಕ್ಕನ ಬಗ್ಗೆ ಒಂದು ಮಾತೂ ಹೊರಡಲಿಲ್ಲ.

ಪಂಕ್ತಿ ಹಾಕಿದಾಗ ಕಲ್ಲಮ್ಮ ಬಂದಳು. ಅವಳಿಗೆ ಈಗ ಬೆನ್ನು ನೆಟ್ಟಗಾಗುವುದಿಲ್ಲ, ಕೋಲೂರಿಕೊಂಡು ಮೇಲಿನ ಕೇರಿಯಿಂದ ಒಬ್ಬಳೇ ನಡೆದು ಬಂದಳು. ಗಡಿಬಿಡಿಯಲ್ಲಿ ಸುದೀಪ ಅವಳ ಮನೆಗೆ ಹೇಳಿರಲಿಲ್ಲ. ಕಲ್ಲಮ್ಮನನ್ನು ಕರೆಯುವುದು ಎಂದರೇನು, ಅವಳು ಆ ಮನೆಯವಳೇ ಎಂದುಕೊಂಡಿದ್ದನಂತೆ. ಅವಳಿಗೆ ಅದು ಹೇಗೆ ಗೊತ್ತಾಗಬೇಕು? ಬಾಗಿಲಲ್ಲಿ ನಿಂತು ನೋಡಿದಳು. ಎಣಿಸಿ ಹಾಕಿದ ಎಲೆ, ಎಲ್ಲದರ ಮುಂದೆಯೂ ಜನ. ಬಡಿಸುವ ಹುಡುಗ, ಜಾಗ ಇಲ್ಲ ಅಜ್ಜಿ, ಮುಂದಿನ ಪಂಕ್ತಿ ಇಲ್ಲ ಅನಿಸುತ್ತೆ, ಕೇಳಿ ಹೇಳ್ತೀನಿ ಇರಿ ಎಂದ. ನಾನು ಎದ್ದು ನನ್ನ ಎಲೆಗೆ ಕರೆದೆ. ಅವಳು ಕೈ ಆಡಿಸಿದಳು.

"ನಂದು ಉಂಡಾಯ್ತು ಕಣವ್ವ, ನೀನ್ ಉಣ್ಣು."

ತಿಮ್ಮಕ್ಕನ ತಿಥಿಯ ದಿನ ಕಲ್ಲಮ್ಮ ಮನೆಯಲ್ಲಿ ಉಂಡು ಬರುತ್ತಾಳಾ? ಆ ಕೊಪ್ಪರಿಗೆಯೊಳಗೆ ಇಳಿದು ಕೂತು ಅಗಲ ನೋಡಿದವಳು, ಜೀವಮಾನವಿಡೀ ಅದರ ಒಂದು ಹಿಡಿಕೆ ಹೊತ್ತವಳು, ಗೆಳತಿಯ ಹೆಸರಿನ ಒಂದು ತುತ್ತು ಸಿಗದೆ ಸುಳ್ಳು ಹೇಳಿ ವಾಪಸ್ ಹೋದಳು. ನಾನು ಓಡಿ ಹಿಂದೆ ಹೋದೆ, ಬರಲಿಲ್ಲ. ಸುದೀಪ ಹೋಗಿ ಕಾಲಿಗೆ ಬಿದ್ದ, ಹೋಗಲಿ ಬುಡು ಮಗ ಎಂದು ತಲೆ ಸವರಿ ಬಾಗಿಲು ಮುಚ್ಚಿಕೊಂಡಳು. ಅವನು ಆ ಜಗಲಿ ಮೇಲೆ ಕೂತು ಅತ್ತದ್ದನ್ನು ನೀನು ನೋಡಬೇಕಿತ್ತು. ಅಜ್ಜಿ ಸತ್ತಾಗಲೂ ಅವನು ಹಾಗೆ ಅತ್ತಿರಲಿಲ್ಲ.

ನಿನ್ನ ಕೂಟ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ದಂಡಿನಶಿವರದ ಕಡೆ ಬಟ್ಟೆ ಒಗೆಯುವ ಕಲ್ಲಾಗಿದ್ದ ವೀರಗಲ್ಲನ್ನು ನೀನು ಎತ್ತಿಸಿ ನಿಲ್ಲಿಸಿದಾಗ ಪೇಪರಿನಲ್ಲಿ ಬಂದ ಫೋಟೋ ಕತ್ತರಿಸಿ ಇಟ್ಟುಕೊಂಡವಳು ನಾನು. ಹಾಳು ಕಲ್ಯಾಣಿಯ ಹೂಳು ತೆಗೆಸಿದಿರಿ, ಹಳೆಯ ಹಾಡು ಹೇಳುವ ಹೆಂಗಸರನ್ನು ಹುಡುಕಿ ಕೂರಿಸಿ ಬರೆದುಕೊಂಡಿರಿ, ಎಲ್ಲ ಒಳ್ಳೆಯದೇ. ಆ ಕಲ್ಲು ತನ್ನ ಕೆಲಸ ಮುಗಿಸಿದೆ, ಅದನ್ನು ನಿಲ್ಲಿಸಿ ನೋಡು, ನಮಸ್ಕಾರ ಮಾಡು. ಆದರೆ ಉಪಯೋಗದಲ್ಲಿರುವ ವಸ್ತುವಿನ ಉಸಿರು ನಿಲ್ಲಿಸಿ ಅದಕ್ಕೆ ಪರಂಪರೆ ಎಂದು ಹೆಸರಿಡುವ ಹಕ್ಕು ನಿನಗೆ ಯಾರು ಕೊಟ್ಟರು? ನಮ್ಮೂರಿನಲ್ಲಿ ಕಾಪಾಡಬೇಕಾದದ್ದು ತಾಮ್ರ ಅಲ್ಲ ಕಣಯ್ಯ. ಅದನ್ನು ಕೊಟ್ಟು ತೆಗೆದುಕೊಳ್ಳುವ ಕೈಗಳು. ಅವು ಇನ್ನೂ ಇವೆ, ಬದುಕಿವೆ, ಇವತ್ತಿಗೂ ಮರಕ್ಕೆ ಸುಣ್ಣ ಬಳಿಯುತ್ತಿವೆ. ಅವುಗಳನ್ನು ಒಂದು ಮಾತು ಕೇಳಬೇಕು ಎಂದು ನಿನಗೆ ಅನಿಸಲೇ ಇಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನಿನ್ನೆ ಸಂಘದವರೆಲ್ಲ ಕೋಣೆಯ ಮುಂದೆ ಸೇರಿದ್ದೆವು. ಕೆಲವರು ಪೊಲೀಸಿನವರಿಗೆ ಹೇಳೋಣ ಎಂದರು. ನಮ್ಮ ಮನೆಯ ಹುಡುಗ, ಅದು ಬೇಡ ಎಂದು ತಡೆದೆ. ನಿನ್ನ ಮುಖ ನೋಡಿ ತಡೆದದ್ದಲ್ಲ, ನಿಮ್ಮಣ್ಣ ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದರು, ಅವರ ಮುಖ ನೋಡಿ. ಹೊಸದೊಂದನ್ನು ನಾನು ತೆಗೆದುಕೊಡುತ್ತೇನೆ ಎಂದು ನೀನು ಅವರಿಗೆ ಫೋನಿನಲ್ಲಿ ಹೇಳಿದೆಯಂತೆ. ಅದನ್ನೂ ಸಭೆಯಲ್ಲಿ ಹೇಳಿದರು. ಯಾರೂ ಒಪ್ಪಲಿಲ್ಲ. ನೀನು ಕೊಟ್ಟದ್ದಾದರೆ ಅದು ಮತ್ತೆ ಶಿವಲಿಂಗಯ್ಯನವರ ಮನೆಯ ಪಾತ್ರೆಯೇ ಆಗುತ್ತದೆ. ಕೇಳಿಕೊಂಡು ಜಗಲಿ ಕೆಳಗೆ ನಿಲ್ಲುವುದು ನಮ್ಮೂರಲ್ಲಿ ಮುಗಿದುಹೋದ ಕಥೆ.

ಸೋಮವಾರ ನಾವು ಬರುತ್ತೇವೆ, ಸುದೀಪನ ಆಟೋದಲ್ಲಿ. ಬೋಲ್ಟು ನೀನೇ ಬಿಚ್ಚಬೇಕು, ಆಳಿನ ಕೈಲಿ ಅಲ್ಲ. ಆ ಬಣ್ಣ ಗಿಣ್ಣ ನಾವು ಉಜ್ಜಿ ತೆಗೆಯುತ್ತೇವೆ. ಅರಸೀಕೆರೆ ಕಡೆ ಪಾತ್ರೆ ರಿಪೇರಿ ಮಾಡುವವರೊಬ್ಬರು ಸಿಕ್ಕಿದ್ದಾರೆ, ಕಲಾಯಿಯೂ ಅವರೇ ಹಾಕುತ್ತಾರೆ. ತಳಕ್ಕೆ ತಾಮ್ರದ ಬಿಲ್ಲೆ ಕೂರಿಸಿ ಬಡಿದು ಕೊಡುತ್ತಾರಂತೆ. ನೀರು ನಿಲ್ಲುತ್ತದೆ, ಆದರೆ ಕೈ ಆಡಿಸಿದರೆ ತೇಪೆ ಸಿಗುತ್ತದೆ ಎಂದರು. ಸಿಗಲಿ. ಉಜ್ಜುವಾಗಲೆಲ್ಲ ನಮ್ಮ ಹುಡುಗಿಯರ ಕೈಗೆ ಸಿಗಲಿ, ಇದೇನು ಎಂದು ಕೇಳಲಿ, ನಾವು ಹೇಳುತ್ತೇವೆ. ನಿನ್ನ ಹೆಸರು ಬಿಟ್ಟು ಹೇಳುತ್ತೇವೋ ಸೇರಿಸಿ ಹೇಳುತ್ತೇವೋ ಎನ್ನುವುದು ನಿನಗೆ ಬಿಟ್ಟದ್ದು.

ಪೀಠ ಖಾಲಿಯಾಗುತ್ತದೆ, ಬಂದವರಿಗೆ ಏನು ತೋರಿಸಲಿ ಎಂದು ಕೇಳುತ್ತೀಯ. ಖಾಲಿ ಇರಲಿ. ದೀಪ ಹಾಗೇ ಇರಲಿ, ಕೆಂಪು ಹಗ್ಗವೂ ಇರಲಿ. ಆ ಫಲಕ ಕಿತ್ತು ಹೊಸದು ಬರೆಸು. "ಇಲ್ಲಿದ್ದ ಕೊಪ್ಪರಿಗೆ ಕೆಲಸಕ್ಕೆ ಹೋಗಿದೆ. ಇದು ತಿಮ್ಮಕ್ಕ ಮತ್ತು ಊರ ಹೆಂಗಸರದು. ನಮ್ಮ ತಂದೆ ಒಮ್ಮೆ ಪಾತ್ರೆ ಕೊಡಲಿಲ್ಲ, ಅದಕ್ಕಾಗಿ ಇದು ಹುಟ್ಟಿತು." ಮಗನಾಗಿ ಬರೆಯುವುದು ಕಷ್ಟ ಎಂದು ನನಗೆ ಗೊತ್ತು. ಮಾವನವರ ಅನ್ನ ಉಂಡ ಸೊಸೆಯಾಗಿ ಇದನ್ನು ಬರೆಯುವುದು ನನಗೂ ಸುಲಭವಲ್ಲ. ಆದರೆ ಇತಿಹಾಸ ಎಂದರೆ ಇದೇ ಅಲ್ಲವೇನೋ, ಇಷ್ಟು ವರ್ಷ ಪಾಠ ಹೇಳಿದೆಯಲ್ಲ.

ಕೊಪ್ಪರಿಗೆ ಸರಿಯಾಗಿ ಬಂದ ಮೇಲೆ ಮೊದಲು ಹೋಗುವುದು ತಿಮ್ಮಕ್ಕನ ಮನೆಗೆ. ತಿಥಿ ಎರಡು ಸಲ ಮಾಡುವಂತಿಲ್ಲ ಎಂದು ತಿಥಿ ಮಾಡಿಸುವ ಪರಮಶಿವಯ್ಯನವರು ಶಾಸ್ತ್ರ ಹೇಳಿದರು. ತಿಥಿ ಅಲ್ಲ ಅಯ್ಯನೋರೇ, ತಿಮ್ಮಕ್ಕನ ಹೆಸರಿನಲ್ಲಿ ಊಟ, ಅದಕ್ಕೆ ಶಾಸ್ತ್ರದ ಹಂಗಿಲ್ಲ ಎಂದೆ. ಅವರೂ ತಲೆ ಆಡಿಸಿದರು. ಎಸರಿಗೆ ಮೊದಲ ಅಕ್ಕಿ ಕಲ್ಲಮ್ಮ ಹಾಕುತ್ತಾಳೆ, ಮೊದಲ ಎಲೆಯೂ ಅವಳದೇ. ಊಟ ಮುಂದಿನ ಅಮಾವಾಸ್ಯೆ ಕಳೆದು ಬರುವ ಭಾನುವಾರ.

ಸುದೀಪ ಈ ಸಲ ಯಾರ ಮನೆಗೂ ಹೋಗಿ ಹೇಳುತ್ತಿಲ್ಲ. ಊರಲ್ಲಿ ಒಬ್ಬರನ್ನೂ ಕರೆಯುತ್ತಿಲ್ಲ. ಹಾಗಾಗಿ ನಿನ್ನನ್ನೂ ಕರೆಯುತ್ತಿಲ್ಲ ದಿನೇಶ.

ಕರೆಯದೆ ಬಾಗಿಲಿಗೆ ಬರುವ ಜನ ನಿನ್ನ ಸುಖಕ್ಕೂ ದುಃಖಕ್ಕೂ ಕೊನೆಯವರೆಗೆ ಇರಲಿ ಎಂದು ಹರಸುತ್ತಾ,

ಇನ್ನೂ ಸಿಟ್ಟು ಇಳಿಯದ
ನಿನ್ನ ಅತ್ತಿಗೆ
ವನಜಾಕ್ಷಿ